ಶಿಕ್ಷಕರ ಮೇಲಿನ ಆನ್‌ಲೈನ್ ನಿಂದನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಪಾಠ ಮಾಡುವ ಸಹೋದ್ಯೋಗಿಗಳು ಕಳೆದ ಕೆಲವು ವರ್ಷಗಳಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ನಾನು ವಕೀಲಳಲ್ಲ. ಉಡುಪಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿದವಳು ಮತ್ತು ಒಮ್ಮೆ ಸ್ವತಃ ಇಂಥ ನಿಂದನೆಗೆ ಗುರಿಯಾದವಳು. ಕಾನೂನಿನ ಮಾತು ಬಂದಲ್ಲೆಲ್ಲ ಕಲಂ ಮತ್ತು ವರ್ಷವನ್ನು ಹೇಳಿದ್ದೇನೆ, ಏಕೆಂದರೆ ಠಾಣೆಯ ಮೇಜಿನ ಎದುರು ಕುಳಿತಾಗ ಅವು ಉಪಯೋಗಕ್ಕೆ ಬರುತ್ತವೆ.

ಯಾವುದು ಟೀಕೆ, ಯಾವುದು ನಿಂದನೆ ಎಂದು ಹೇಗೆ ಗುರುತಿಸುವುದು?

"ಗಣಿತದ ಟೀಚರ್ ಈ ವರ್ಷ ಪಾಠ ಮುಗಿಸಲಿಲ್ಲ, ಮಕ್ಕಳಿಗೆ ಕಷ್ಟವಾಯಿತು" ಎಂದು ಪೋಷಕರೊಬ್ಬರು ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆದರೆ ಅದು ಟೀಕೆ. ಅದರ ಧಾಟಿ ಒರಟಾಗಿದ್ದರೂ ಅದಕ್ಕೆ ಉತ್ತರ ಶಾಲೆಯಲ್ಲಿ, ಪೋಷಕರ ಸಭೆಯಲ್ಲಿ ಸಿಗಬೇಕು. ಆದರೆ ಅದೇ ಶಿಕ್ಷಕಿಯ ಬಣ್ಣ, ಜಾತಿ, ಮದುವೆ, ಉಡುಪು ಅಥವಾ ಮೈಕಟ್ಟಿನ ಬಗ್ಗೆ ಬರೆದರೆ, ಆಕೆಯ ಹೆಸರಿನಲ್ಲಿ ನಕಲಿ ಖಾತೆ ತೆರೆದರೆ, ಫೋನ್ ನಂಬರ್ ಹಂಚಿದರೆ ಅಥವಾ ಬೆದರಿಸಿದರೆ ಅದು ನಿಂದನೆ. ಮಾತು ಕೆಲಸದ ಬಗ್ಗೆ ಇದೆಯೋ ವ್ಯಕ್ತಿಯ ಬಗ್ಗೆ ಇದೆಯೋ ಎಂದು ನೋಡಿದರೆ ಸಾಮಾನ್ಯವಾಗಿ ಗೊತ್ತಾಗಿಬಿಡುತ್ತದೆ. ಟೀಕೆಯನ್ನೆಲ್ಲ ನಿಂದನೆ ಎಂದು ದೂರಿದರೆ ನಿಜವಾದ ನಿಂದನೆಯ ದೂರಿಗೂ ಬೆಲೆ ಇಲ್ಲದಂತಾಗುತ್ತದೆ ಎಂಬುದನ್ನು ನಮ್ಮವರಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ.

ನನ್ನ ಬಗ್ಗೆ ಕೆಟ್ಟ ಪೋಸ್ಟ್ ಒಂದು ಹರಿದಾಡುತ್ತಿದೆ. ಮೊದಲು ಏನು ಮಾಡಬೇಕು?

ಅಳಿಸುವುದಕ್ಕೂ, ಬ್ಲಾಕ್ ಮಾಡುವುದಕ್ಕೂ, ರಿಪೋರ್ಟ್ ಮಾಡುವುದಕ್ಕೂ ಮೊದಲು ಉಳಿಸಿಕೊಳ್ಳಬೇಕು. ರಿಪೋರ್ಟ್ ಮಾಡಿದ ಪೋಸ್ಟ್ ಮರೆಯಾದರೆ ನಿಮ್ಮ ಕೈಯಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ, ಇನ್‌ಸ್ಟಾಗ್ರಾಂ ಸ್ಟೋರಿಯಾದರೆ 24 ಗಂಟೆಗಳಲ್ಲಿ ತಾನಾಗಿಯೇ ಮಾಯವಾಗುತ್ತದೆ.

ಬರೀ ಪೋಸ್ಟ್‌ನ ಚಿತ್ರ ತೆಗೆದಿಟ್ಟರೆ ಸಾಲದು. ಸ್ಕ್ರೀನ್‌ಶಾಟ್‌ನಲ್ಲಿ ದಿನಾಂಕ, ಸಮಯ ಮತ್ತು ಖಾತೆಯ ಬಳಕೆದಾರ ಹೆಸರು ಕಾಣಬೇಕು. ಮೇಲೆ ದಪ್ಪಕ್ಷರದಲ್ಲಿ ತೋರುವ ಹೆಸರನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಬದಲಿಸಬಹುದಾದ ಕಾರಣ ಆ ಪೋಸ್ಟ್‌ನ ಮತ್ತು ಖಾತೆಯ ಲಿಂಕನ್ನು ಪ್ರತ್ಯೇಕವಾಗಿ ನಕಲಿಸಿ ಒಂದು ಕಡೆ ಬರೆದಿಡಿ. ಸಾಧ್ಯವಿದ್ದರೆ ಸ್ಕ್ರೀನ್ ರೆಕಾರ್ಡಿಂಗ್ ಹಾಕಿ, ಖಾತೆಯ ಪುಟದಿಂದ ಆರಂಭಿಸಿ ಪೋಸ್ಟ್‌ವರೆಗೆ ಮತ್ತು ಅದರ ಕೆಳಗಿನ ಕಮೆಂಟ್‌ಗಳವರೆಗೆ ನಿಧಾನವಾಗಿ ಸರಿಸುತ್ತ ಹೋಗಿ. ವಾಟ್ಸ್ಆ್ಯಪ್ ಆದರೆ ಸಂದೇಶ ಕಳಿಸಿದವರ ನಂಬರ್ ಕಾಣುವಂತೆ ತೆಗೆದು, ಚಾಟ್ ಎಕ್ಸ್‌ಪೋರ್ಟ್ ಮಾಡಿ, ಮೂಲ ಸಂದೇಶವನ್ನು ಫೋನಿನಲ್ಲಿ ಹಾಗೆಯೇ ಇರಿಸಿಕೊಳ್ಳಿ.

ಫೋನನ್ನು ರಿಸೆಟ್ ಮಾಡಬೇಡಿ, ಮಾರಬೇಡಿ, ಬದಲಿಸಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ನ್ಯಾಯಾಲಯದ ಮುಂದೆ ಇಡುವಾಗ ಅದರ ಜತೆ ನಿಗದಿತ ನಮೂನೆಯ ಪ್ರಮಾಣಪತ್ರ ಇರಬೇಕು. ಅದರ ಒಂದು ಭಾಗವನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದು ಭಾಗವನ್ನು ತಜ್ಞರು ತುಂಬಬೇಕು. ಆ ಹೊತ್ತಿಗೆ ಮೂಲ ಸಾಧನ ಕೈಯಲ್ಲಿದ್ದರೆ ಕೆಲಸ ಎಷ್ಟೋ ಹಗುರವಾಗುತ್ತದೆ.

ಕೊನೆಗೆ, ಒಂದು ನೋಟ್‌ಬುಕ್‌ನಲ್ಲಿ ಏನು, ಯಾವಾಗ, ಯಾರ ಮೂಲಕ ತಿಳಿಯಿತು ಎಂಬುದನ್ನು ದಿನಾಂಕ ಹಾಕಿ ಬರೆಯಿರಿ. ಆರು ತಿಂಗಳ ನಂತರ ಯಾರಾದರೂ ಕೇಳಿದಾಗ ನೆನಪು ನಿಮ್ಮನ್ನು ಕೈಬಿಡಬಹುದು.

ಸುಮ್ಮನಿದ್ದರೆ ತಪ್ಪು ಒಪ್ಪಿಕೊಂಡ ಹಾಗೆ ಆಗುವುದಿಲ್ಲವೇ?

ಆಗುವುದಿಲ್ಲ. ಕಮೆಂಟ್‌ಗಳ ಕೆಳಗೆ ನೀವು ಬರೆಯುವ ಒಂದೊಂದು ಸಾಲೂ ಆ ಪೋಸ್ಟನ್ನು ಇನ್ನಷ್ಟು ಜನರ ಕಣ್ಣಿಗೆ ತರುತ್ತದೆ, ಸಿಟ್ಟಿನಲ್ಲಿ ಬರೆದ ಒಂದು ಪದವೇ ಮುಂದೆ ನಿಮ್ಮ ವಿರುದ್ಧದ ಸ್ಕ್ರೀನ್‌ಶಾಟ್ ಆಗುತ್ತದೆ. ನಿಮ್ಮ ಪರವಾಗಿ ಹಳೆ ವಿದ್ಯಾರ್ಥಿಗಳು ಜಗಳಕ್ಕಿಳಿದರೆ ಅವರನ್ನೂ ಪ್ರೀತಿಯಿಂದಲೇ ತಡೆಯಿರಿ. ಸುಳ್ಳು ಸಂಗತಿಯೊಂದನ್ನು ಸಾರ್ವಜನಿಕವಾಗಿ ಸರಿಪಡಿಸಲೇಬೇಕಾದಾಗ ಅದು ಶಾಲೆಯ ಹೆಸರಿನಲ್ಲಿ, ಮುಖ್ಯೋಪಾಧ್ಯಾಯರ ಸಹಿಯೊಂದಿಗೆ, ನಾಲ್ಕೈದು ವಾಕ್ಯಗಳಲ್ಲಿ ಹೊರಬರಲಿ.

ಮುಖ್ಯೋಪಾಧ್ಯಾಯರಿಗೆ ಅಥವಾ ಸಂಚಾಲಕರಿಗೆ ಹೇಳಲು ಸಂಕೋಚವಾಗುತ್ತದೆ. ಹೇಳಲೇಬೇಕೇ?

ಹೇಳಲೇಬೇಕು, ಅದೂ ಬರಹದಲ್ಲಿ. ಈ ಒಂದು ಉತ್ತರಕ್ಕಾಗಿಯೇ ನಾನು ಇಷ್ಟೆಲ್ಲ ಬರೆಯುತ್ತಿದ್ದೇನೆ ಎಂದರೂ ಸರಿ.

ಹಲವು ವರ್ಷಗಳ ಹಿಂದೆ ಶಾಲಾ ವಾರ್ಷಿಕೋತ್ಸವದಲ್ಲಿ ನಾವು ನಾಲ್ವರು ಶಿಕ್ಷಕಿಯರು ಮಕ್ಕಳೊಂದಿಗೆ ಒಂದು ಜನಪದ ನೃತ್ಯಕ್ಕೆ ಹೆಜ್ಜೆ ಹಾಕಿದ್ದೆವು. ಯಾರೋ ಅದರ 20 ಸೆಕೆಂಡಿನ ತುಣುಕಿಗೆ ಅಶ್ಲೀಲ ಹಾಡೊಂದನ್ನು ಅಂಟಿಸಿ ಊರಿನ ಗುಂಪುಗಳಿಗೆಲ್ಲ ಹಾಕಿದರು. "ಎರಡು ದಿನ ಸುಮ್ಮನಿರಿ, ಜನ ಮರೆಯುತ್ತಾರೆ, ಶಾಲೆಯ ಹೆಸರು ಹಾಳಾಗುವುದು ಬೇಡ" ಎಂಬ ಸಲಹೆ ಮೇಲಿನಿಂದ ಬಂತು. ನಾನು ನಾಚಿಕೆಯಿಂದ ನನ್ನ ಫೋನಿಗೆ ಬಂದದ್ದನ್ನೆಲ್ಲ ಅಳಿಸಿದೆ. ಜನ ಮರೆಯಲಿಲ್ಲ, ಮೂರು ವಾರಗಳ ಬಳಿಕ ನನ್ನ ನಂಬರಿಗೆ ರಾತ್ರಿ ಕರೆಗಳು ಬರತೊಡಗಿದವು. ಆಗ ದೂರು ಕೊಡಲು ಹೋದರೆ ನನ್ನಲ್ಲಿ ಆ ವಿಡಿಯೊ ಇರಲಿಲ್ಲ, ಶಾಲೆಯ ಕಡತದಲ್ಲಿ ಒಂದು ಸಾಲೂ ಇರಲಿಲ್ಲ. ನಮ್ಮಲ್ಲಿ ಅತ್ಯಂತ ಕಿರಿಯಳಾಗಿದ್ದ ಗೌರವ ಶಿಕ್ಷಕಿ ಮುಂದಿನ ಜೂನ್‌ನಲ್ಲಿ ಕೆಲಸಕ್ಕೆ ಬರಲಿಲ್ಲ.

ಶಾಲೆಯ ಕೆಲಸ ಮಾಡುತ್ತಿರುವಾಗ, ಶಾಲೆಯ ವೇದಿಕೆಯ ಮೇಲೆ, ಶಿಕ್ಷಕಿಯೆಂಬ ಕಾರಣಕ್ಕೆ ಬಂದ ನಿಂದನೆ ಆಕೆಯ ಮನೆಯ ಗುಟ್ಟಲ್ಲ, ಉದ್ಯೋಗದ ಸ್ಥಳದ ವಿಷಯ. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರ ಕಲಂ 19, ಕೆಲಸದ ಸ್ಥಳದಲ್ಲಿ ಸಂಪರ್ಕಕ್ಕೆ ಬರುವ ಹೊರಗಿನವರಿಂದಲೂ ಸುರಕ್ಷಿತವಾದ ವಾತಾವರಣ ಒದಗಿಸುವ ಹೊಣೆಯನ್ನು ಉದ್ಯೋಗದಾತರ ಮೇಲೆ ಹಾಕಿದೆ. ಮಹಿಳೆ ಪೊಲೀಸ್ ದೂರು ಕೊಡಲು ಬಯಸಿದರೆ ನೆರವಾಗಬೇಕೆಂದೂ ಹೇಳಿದೆ. ಹತ್ತು ಅಥವಾ ಹೆಚ್ಚು ಸಿಬ್ಬಂದಿ ಇರುವ ಶಾಲೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು, ಅದಕ್ಕಿಂತ ಚಿಕ್ಕ ಶಾಲೆಯವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಘಟನೆಯಿಂದ ಮೂರು ತಿಂಗಳೊಳಗೆ ದೂರು ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ಸಮಿತಿಯು ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು.

ಆದ್ದರಿಂದ ಒಂದು ಪುಟದ ಪತ್ರ ಬರೆಯಿರಿ. ಏನಾಯಿತು, ಯಾವ ದಿನ, ಯಾವ ಸಾಕ್ಷ್ಯ ಉಳಿಸಿಕೊಂಡಿದ್ದೀರಿ, ಶಾಲೆಯಿಂದ ಏನು ಬಯಸುತ್ತೀರಿ ಎಂಬಿಷ್ಟು ಸಾಕು. ಎರಡನೆಯ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಸರ್ಕಾರಿ ಶಾಲೆಯಾದರೆ ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ, ಅನುದಾನಿತ ಅಥವಾ ಖಾಸಗಿ ಶಾಲೆಯಾದರೆ ಆಡಳಿತ ಮಂಡಳಿಗೂ ಕಳಿಸಿ.

ಯಾವ ಠಾಣೆಗೆ ಹೋಗಬೇಕು?

ಯಾವ ಠಾಣೆಗಾದರೂ ಹೋಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ, ಅಪರಾಧ ನಡೆದ ಪ್ರದೇಶ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಕಾರಣಕ್ಕೆ ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ನೇರವಾಗಿ ಎಫ್ಐಆರ್ ಹಾಕಬಹುದಾದ ಅಪರಾಧದ, ದೂರನ್ನು ತಿರಸ್ಕರಿಸುವಂತಿಲ್ಲ. ಆದರೂ ವ್ಯಾಪ್ತಿ ತಿಳಿದಿದ್ದರೆ ಓಡಾಟ ತಪ್ಪುತ್ತದೆ. ಮಂಗಳೂರು ನಗರ, ಸುರತ್ಕಲ್, ಮೂಲ್ಕಿ, ಮೂಡುಬಿದಿರೆ, ಉಳ್ಳಾಲ, ಕೊಣಾಜೆ ಕಡೆಯವರು ಮಂಗಳೂರು ನಗರ ಪೊಲೀಸ್ ಕಮಿಷನರೇಟ್‌ಗೆ ಸೇರುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಪುತ್ತೂರು, ಸುಳ್ಯದವರು ದಕ್ಷಿಣ ಕನ್ನಡ ಜಿಲ್ಲಾ ಪೊಲೀಸ್ ವ್ಯಾಪ್ತಿಗೆ ಬರುತ್ತಾರೆ. ಕುಂದಾಪುರ, ಕಾರ್ಕಳ, ಬೈಂದೂರಿನವರಿಗೆ ಉಡುಪಿ ಜಿಲ್ಲಾ ಪೊಲೀಸ್. ಸೈಬರ್ ಪ್ರಕರಣಗಳಿಗೆಂದೇ ಇರುವ ಠಾಣೆಯನ್ನು ನಮ್ಮಲ್ಲಿ ಎಲ್ಲರೂ ಸೆನ್ ಠಾಣೆ ಎನ್ನುತ್ತಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೇ ತನಿಖೆ ಮಾಡಬೇಕೆಂದು ಆ ಕಾಯ್ದೆಯ ಕಲಂ 78 ಹೇಳುತ್ತದೆ.

ಮನೆಯಿಂದಲೇ ದೂರು ಕೊಡುವುದಾದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ. ಅದರ ವಿಳಾಸ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್. 1930 ಮುಖ್ಯವಾಗಿ ಹಣ ಕಳೆದುಕೊಂಡವರ ತುರ್ತಿಗಾಗಿ ಇರುವ ಸಹಾಯವಾಣಿ. ಮನೆಯ ಬಳಿ ಯಾರೋ ಬಂದು ನಿಂತಿದ್ದಾರೆ, ಜೀವಭಯವಿದೆ ಎಂದಾದರೆ ಯಾವ ಪೋರ್ಟಲನ್ನೂ ತೆರೆಯಬೇಡಿ, 112ಕ್ಕೆ ಕರೆ ಮಾಡಿ.

ದೂರು ತೆಗೆದುಕೊಳ್ಳದೆ ವಾಪಸು ಕಳಿಸಿದರೆ?

ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಬರೆದ ದೂರನ್ನು ಕೊಟ್ಟು ಸ್ವೀಕೃತಿ ಅಥವಾ ಹಿಂಬರಹ ಕೇಳಿ. ನಿರಾಕರಿಸಿದರೆ ದೂರಿನ ಸಾರಾಂಶವನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಮಂಗಳೂರು ನಗರವಾದರೆ ಕಮಿಷನರ್ ಕಚೇರಿಗೆ ಕಳಿಸಬಹುದು, ಅದಕ್ಕೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಇಮೇಲ್ ಮುಂತಾದ ಎಲೆಕ್ಟ್ರಾನಿಕ್ ಮಾರ್ಗದಲ್ಲಿ ದೂರು ಕಳಿಸಿದ್ದರೆ ಮೂರು ದಿನಗಳೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ವಕೀಲರ ಖರ್ಚಿಗೆ ಹೆದರಬೇಕಿಲ್ಲ: ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರ ಕಲಂ 12ರ ಪ್ರಕಾರ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಎರಡೂ ಜಿಲ್ಲೆಗಳಲ್ಲಿದೆ, ಸಹಾಯವಾಣಿ 15100.

ಇದಕ್ಕೆ ಯಾವ ಕಲಂ ಅನ್ವಯಿಸುತ್ತದೆ?

ಮೊದಲು ಅನ್ವಯಿಸದ ಒಂದನ್ನು ಹೇಳುತ್ತೇನೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 66ಎ ಅಡಿ ದೂರು ಕೊಡಿ ಎಂದು ಈಗಲೂ ಸಲಹೆ ಕೊಡುವವರಿದ್ದಾರೆ. ಆ ಕಲಮನ್ನು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ರದ್ದುಪಡಿಸಿದೆ. ಕಿರಿಕಿರಿ ಉಂಟುಮಾಡುವ ಮಾತು ಎಂಬಷ್ಟಕ್ಕೇ ಅದು ಅಪರಾಧವಾಗುವುದಿಲ್ಲ.

ನಕಲಿ ಖಾತೆ ತೆರೆದು ನಿಮ್ಮಂತೆ ನಟಿಸಿ ಮೋಸ ಮಾಡಿದರೆ 66ಡಿ, ನಿಮ್ಮ ಪಾಸ್‌ವರ್ಡ್ ಅಥವಾ ಗುರುತನ್ನು ಕದ್ದು ಬಳಸಿದರೆ 66ಸಿ ಅನ್ವಯಿಸುತ್ತದೆ. ಎರಡಕ್ಕೂ ಮೂರು ವರ್ಷಗಳವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಅಶ್ಲೀಲ ವಸ್ತುವಿನ ಪ್ರಸಾರಕ್ಕೆ 67 ಮತ್ತು 67ಎ ಇವೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಹಿಳೆಯ ಮಾನಕ್ಕೆ ಕುಂದು ತರುವ ಮಾತು, ಸನ್ನೆಗಳಿಗೆ ಕಲಂ 79, ಬೇಡವೆಂದರೂ ಬೆನ್ನು ಬಿಡದೆ ಸಂದೇಶ ಕಳಿಸುತ್ತ ಹಿಂಬಾಲಿಸುವುದಕ್ಕೆ 78, ಬೆದರಿಕೆಗೆ 351 ಇವೆ. ಹೆಸರು ಮರೆಮಾಚಿ ಬೆದರಿಸಿದರೆ 351ರ ನಾಲ್ಕನೆಯ ಉಪಕಲಮಿನಡಿ ಹೆಚ್ಚುವರಿಯಾಗಿ ಎರಡು ವರ್ಷಗಳವರೆಗೆ ಸಜೆ ವಿಧಿಸಬಹುದು. ಮಾನಹಾನಿ ಕಲಂ 356ರಲ್ಲಿ ಬರುತ್ತದೆ, ಆದರೆ ಅದು ಅಸಂಜ್ಞೇಯ; ಪೊಲೀಸರು ನೇರವಾಗಿ ಎಫ್ಐಆರ್ ಹಾಕುವುದಿಲ್ಲ, ನೊಂದವರು ನ್ಯಾಯಾಲಯದಲ್ಲಿ ಖಾಸಗಿ ದೂರು ಹೂಡಬೇಕು. ಯಾವ ಕಲಂ ಎಂದು ತೀರ್ಮಾನಿಸುವುದು ಪೊಲೀಸರ ಕೆಲಸ, ನಡೆದದ್ದನ್ನು ಕ್ರಮವಾಗಿ ಹೇಳುವುದು ನಿಮ್ಮ ಕೆಲಸ.

ಬೈಗುಳ ತುಳುವಿನಲ್ಲಿದೆ. ಫೇಸ್‌ಬುಕ್‌ಗೆ ರಿಪೋರ್ಟ್ ಮಾಡಿದರೆ "ನಿಯಮ ಉಲ್ಲಂಘನೆ ಇಲ್ಲ" ಎಂದು ಉತ್ತರ ಬಂತು. ಮುಂದೇನು?

ಕರಾವಳಿಯಲ್ಲಿ ಇದು ದೊಡ್ಡ ತೊಡಕು. ತುಳು, ಬ್ಯಾರಿ, ಕೊಂಕಣಿಯ ಬೈಗುಳವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ದೂರವೆಲ್ಲೋ ಪರಿಶೀಲಿಸುವ ವ್ಯವಸ್ಥೆಗೆ ಅದು ಅರ್ಥವೇ ಆಗದಿರಬಹುದು. ನಮ್ಮ ಊರಿನವರಿಗೆ ಮಾತ್ರ ಚುಚ್ಚುವ, ಹೊರಗಿನವರಿಗೆ ಸಪ್ಪೆಯಾಗಿ ಕಾಣುವ ಪದಗಳೂ ಇರುತ್ತವೆ. ಅದಕ್ಕಾಗಿ ಗುಂಡಿ ಒತ್ತಿ ಬಿಡುವ ಬದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಮಾಹಿತಿ ತಂತ್ರಜ್ಞಾನ ನಿಯಮಗಳು 2021ರ ಪ್ರಕಾರ ಅಂಥ ಅಧಿಕಾರಿಯ ಹೆಸರು ಮತ್ತು ಸಂಪರ್ಕ ವಿವರವನ್ನು ಕಂಪನಿಗಳು ಪ್ರಕಟಿಸಲೇಬೇಕು. ಪತ್ರದಲ್ಲಿ ಲಿಂಕ್ ಕೊಟ್ಟು, ಆ ಸಾಲು ಯಾವ ಭಾಷೆಯದು, ಅದರ ಅರ್ಥವೇನು, ಅದು ಯಾರನ್ನು ಉದ್ದೇಶಿಸಿದೆ ಎಂಬುದನ್ನು ಪದಕ್ಕೆ ಪದ ವಿವರಿಸಿ. ಬರೆಯಲು ಕೈ ನಡುಗಬಹುದು, ಆಗ ಸ್ನೇಹಿತರಿಂದ ಬರೆಸಿ. ಅವರ ಉತ್ತರ ಸಮಾಧಾನ ತರದಿದ್ದರೆ 30 ದಿನಗಳೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. ಠಾಣೆಯ ದೂರಿಗೂ ಕನ್ನಡ ಅನುವಾದವನ್ನು ಲಗತ್ತಿಸಿ. ಅಲ್ಲಿನ ಸಿಬ್ಬಂದಿಗೆ ತುಳು ಬರಬಹುದು, ಆದರೆ ಕಡತ ಓದುವ ಎಲ್ಲರಿಗೂ ಬರಬೇಕೆಂದಿಲ್ಲ.

ಇನ್ನೊಂದು ಕಾರಣಕ್ಕೂ ತಡಮಾಡಬೇಡಿ. ತೆಗೆದುಹಾಕಿದ ಪೋಸ್ಟ್‌ನ ಮಾಹಿತಿಯನ್ನು ಕಂಪನಿಗಳು ತನಿಖೆಗಾಗಿ 180 ದಿನ ಉಳಿಸಿಕೊಳ್ಳಬೇಕು ಎಂದು ಅದೇ ನಿಯಮಗಳು ಹೇಳುತ್ತವೆ. ಆ ಗಡುವು ಮೀರಿದ ಮೇಲೆ ಪೊಲೀಸರು ಕೇಳಿದರೂ ಸಿಗುವ ಖಾತ್ರಿ ಇಲ್ಲ.

ಬೈದವರು ವಿದ್ಯಾರ್ಥಿಯ ತಂದೆ, ಅವರು ದುಬೈಯಲ್ಲಿದ್ದಾರೆ. ನಮ್ಮ ಕಾನೂನು ಅಲ್ಲಿಗೆ ತಲಪುತ್ತದೆಯೇ?

ತಲಪುತ್ತದೆ. ಭಾರತದ ಪ್ರಜೆ ಹೊರದೇಶದಲ್ಲಿದ್ದು ಮಾಡಿದ ಅಪರಾಧಕ್ಕೂ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ, ಆದರೆ ಅಪರಾಧ ಹೊರದೇಶದಲ್ಲೇ ನಡೆದಿದ್ದರೆ ಇಲ್ಲಿ ವಿಚಾರಣೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು, ಹಾಗಾಗಿ ದಾರಿ ಉದ್ದ. ಕೊಲ್ಲಿಯಲ್ಲಿರುವ ತಂದೆ ತಾಯಂದಿರಿಗೆ ಮಗುವಿನ ಶಾಲೆಯೆಂದರೆ ಫೋನಿನೊಳಗಿನ ಒಂದು ಗುಂಪು ಮಾತ್ರ. ಮಗು ಅತ್ತುಕೊಂಡು ಹೇಳಿದ ಅರ್ಧ ಮಾತೇ ಅವರಿಗೆ ಪೂರ್ತಿ ಸುದ್ದಿ. ಬೆದರಿಕೆ, ಅಶ್ಲೀಲತೆ ಇಲ್ಲದಿದ್ದರೆ ಮೊದಲು ಮುಖ್ಯೋಪಾಧ್ಯಾಯರು ಅವರೊಂದಿಗೆ ವಿಡಿಯೊ ಕರೆಯಲ್ಲಿ ಮಾತಾಡಲಿ ಎಂಬುದು ನನ್ನ ಅನುಭವದ ಸಲಹೆ. ಅನೇಕರು ಅಲ್ಲಿಗೇ ತಣ್ಣಗಾಗುತ್ತಾರೆ, ಕೆಲವರು ಅದೇ ಗುಂಪಿನಲ್ಲಿ ಕ್ಷಮೆಯನ್ನೂ ಕೇಳುತ್ತಾರೆ.

ನಮ್ಮ ವಿದ್ಯಾರ್ಥಿಯೇ ಇದನ್ನು ಮಾಡಿದ್ದಾನೆ ಎಂದು ಗೊತ್ತಾಗಿದೆ. ಏನು ಮಾಡಲಿ?

ಉತ್ತರಿಸಲು ಅತ್ಯಂತ ಕಷ್ಟವಾದ ಪ್ರಶ್ನೆ ಇದು, ಏಕೆಂದರೆ ನೋವು ಕೊಟ್ಟವನೂ ನಿಮ್ಮ ಹೊಣೆಗೆ ಸೇರಿದವನೇ. ಶಾಲೆಯ ಹೆಸರಿಟ್ಟುಕೊಂಡ ಅನಾಮಧೇಯ ಕನ್ಫೆಷನ್ ಪೇಜ್‌ಗಳಲ್ಲಿ ಶಿಕ್ಷಕರ ಫೋಟೊಗೆ ಹೊಲಸು ಸಾಲು ಬರೆಯುವವರಲ್ಲಿ ಒಂಬತ್ತು, ಹತ್ತನೆಯ ತರಗತಿಯವರೂ ಇರುತ್ತಾರೆ.

ಮೊದಲನೆಯದಾಗಿ, ಸಂಶಯದ ಮೇಲೆ ಯಾರ ಹೆಸರನ್ನೂ ತರಗತಿಯಲ್ಲಿ ಹೇಳಬೇಡಿ, ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಬೇಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ ಕಲಂ 17 ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಮತ್ತು ಕಲಂ 16ರ ಪ್ರಕಾರ ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಎರಡನೆಯದಾಗಿ, ಆ ವಿಚಾರಣೆಯನ್ನು ನೀವೇ ನಡೆಸಬೇಡಿ. ನೊಂದವರೇ ನ್ಯಾಯಾಧೀಶರಾದರೆ ಹುಡುಗನೂ ಒಪ್ಪುವುದಿಲ್ಲ, ಅವನ ಮನೆಯವರೂ ಒಪ್ಪುವುದಿಲ್ಲ. ಮುಖ್ಯೋಪಾಧ್ಯಾಯರು ಮತ್ತು ಇನ್ನೊಬ್ಬ ಹಿರಿಯ ಶಿಕ್ಷಕರು ಪೋಷಕರನ್ನು ಕರೆಸಿ, ಮುಚ್ಚಿದ ಕೋಣೆಯಲ್ಲಿ, ಸಾಕ್ಷ್ಯವನ್ನು ಮುಂದಿಟ್ಟು ಮಾತಾಡಬೇಕು. ಪೋಸ್ಟ್ ತೆಗೆಯುವುದು, ಹಂಚಿದವರಿಗೆಲ್ಲ ಅದು ಸುಳ್ಳೆಂದು ಅವನೇ ತಿಳಿಸುವುದು, ಲಿಖಿತ ಕ್ಷಮಾಪಣೆ, ಆಪ್ತಸಮಾಲೋಚನೆ, ಇವಿಷ್ಟೂ ದಾಖಲಾಗಬೇಕು. ಕ್ಷಮಿಸುವುದು ನಿಮಗೆ ಬಿಟ್ಟದ್ದು. "ಪಾಪದ ಮಗು, ಬಿಟ್ಟುಬಿಡಿ ಟೀಚರ್" ಎಂದು ಯಾರೂ ಒತ್ತಾಯಿಸಬಾರದು.

ವಿಷಯ ಪೊಲೀಸರವರೆಗೆ ಹೋದರೂ 18 ವರ್ಷದೊಳಗಿನವರಿಗೆ ಬಾಲನ್ಯಾಯ ಕಾಯ್ದೆ 2015ರ ದಾರಿಯೇ ಬೇರೆ. ಘೋರ ಅಪರಾಧವಲ್ಲದಿದ್ದರೆ, ವಯಸ್ಕರ ಜತೆ ಸೇರಿ ಮಾಡಿದ್ದಲ್ಲದಿದ್ದರೆ, ಸಾಮಾನ್ಯವಾಗಿ ಎಫ್ಐಆರ್ ಇಲ್ಲದೆ ಠಾಣೆಯ ದಿನಚರಿಯಲ್ಲಿ ದಾಖಲಿಸಿ, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳಿಸುತ್ತಾರೆ. ಅದೇ ಕಾಯ್ದೆಯ ಕಲಂ 74 ಮಗುವಿನ ಗುರುತನ್ನು ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಸ್ಟಾಫ್ ರೂಮಿನ ವಾಟ್ಸ್ಆ್ಯಪ್ ಗುಂಪಿನಲ್ಲೂ ಅವನ ಹೆಸರು, ಫೋಟೊ ಓಡಾಡದಂತೆ ನೋಡಿಕೊಳ್ಳಿ.

ನನ್ನ ಮುಖವನ್ನು ಬೇರೆ ನಗ್ನ ಚಿತ್ರಕ್ಕೆ ಅಂಟಿಸಿದ್ದಾರೆ. ಯಾರಿಗೂ ತೋರಿಸಲಾಗದೆ ಕುಳಿತಿದ್ದೇನೆ.

ಇದರಲ್ಲಿ ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ. ತಿರುಚಿದ ಚಿತ್ರಗಳ ಬಗ್ಗೆ ಚಿತ್ರದಲ್ಲಿರುವ ವ್ಯಕ್ತಿಯೇ ದೂರಿದರೆ ಕಂಪನಿಗಳು ಉಳಿದ ದೂರುಗಳಿಗಿಂತ ಬಹಳ ಬೇಗ ತೆಗೆಯಬೇಕು. 2021ರ ನಿಯಮಗಳು ಅದಕ್ಕೆ 24 ಗಂಟೆಗಳ ಗಡುವನ್ನು ಇಟ್ಟಿದ್ದವು. ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಸೇವೆಯಲ್ಲಿ ನಿಮ್ಮ ಚಿತ್ರ ಫೋನಿನಿಂದ ಹೊರಗೆ ಹೋಗದೆಯೇ ಅದರ ಡಿಜಿಟಲ್ ಬೆರಳಚ್ಚು ತಯಾರಾಗುತ್ತದೆ, ಅದರ ಆಧಾರದಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದ ಭಾಗಿ ಕಂಪನಿಗಳು ಅದೇ ಚಿತ್ರವನ್ನು ಹುಡುಕಿ ತಡೆಯುತ್ತವೆ. ರಾಷ್ಟ್ರೀಯ ಪೋರ್ಟಲ್‌ನ ಮಹಿಳೆ ಮತ್ತು ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. ಹಣ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ, ಕೊಟ್ಟವರನ್ನು ಮತ್ತೆ ಮತ್ತೆ ಕೇಳುತ್ತಾರೆ.

ಪಾಠದ ಒಂದು ತುಣುಕನ್ನು ಕತ್ತರಿಸಿ, ನಾನು ಧರ್ಮವನ್ನು ಅವಮಾನಿಸಿದೆನೆಂದು ಹಬ್ಬಿಸುತ್ತಿದ್ದಾರೆ.

ನಮ್ಮ ಜಿಲ್ಲೆಗಳಲ್ಲಿ ಇಂಥ ಸುದ್ದಿ ಗಂಟೆಗಳೊಳಗೆ ಶಾಲೆಯ ಗೇಟಿಗೆ ಗುಂಪನ್ನು ತರಬಲ್ಲದು, ಆದ್ದರಿಂದ ಇಲ್ಲಿ ಕಾಯುವ ಸಲಹೆ ಕೊಡಲಾರೆ. ಅದೇ ದಿನ ಆಡಳಿತ ಮಂಡಳಿ, ಬಿಇಒ ಮತ್ತು ಠಾಣೆ ಮೂರಕ್ಕೂ ಲಿಖಿತ ಮಾಹಿತಿ ಹೋಗಲಿ. ಆ ದಿನದ ಪಾಠಟಿಪ್ಪಣಿ, ಪಠ್ಯಪುಸ್ತಕದ ಪುಟ, ಹಾಜರಿ, ಸಿಸಿಟಿವಿ ಇದ್ದರೆ ಅದರ ದೃಶ್ಯವನ್ನು ತೆಗೆದಿರಿಸಿ. ಗುಂಪಿನ ಎದುರು, ಕ್ಯಾಮೆರಾದ ಎದುರು ವಿವರಣೆ ಕೊಡಲು ಒಪ್ಪಬೇಡಿ. ವಿಚಾರಣೆ ಇಲಾಖೆಯದ್ದಾಗಿರಲಿ. ಬೇಡಿಕೆಯಿಟ್ಟವರನ್ನು ತಣಿಸಲು ವಿಚಾರಣೆಗೆ ಮೊದಲೇ ಶಿಕ್ಷಕರನ್ನು ಮನೆಗೆ ಕಳಿಸುವ ಆಡಳಿತ ಮಂಡಳಿಗಳು ಮುಂದಿನ ಶಿಕ್ಷಕರನ್ನೂ ಅದೇ ಅಪಾಯಕ್ಕೆ ದೂಡುತ್ತವೆ ಎಂದು ನಾನು ನಂಬುತ್ತೇನೆ.

ನಾನು ಸರ್ಕಾರಿ ನೌಕರಳು. ಅನುಮತಿ ಬೇಕೇ?

ಬೆದರಿಕೆ, ಅಶ್ಲೀಲತೆ, ಹಿಂಬಾಲಿಸುವಿಕೆಯ ವಿರುದ್ಧ ಪೊಲೀಸ್ ದೂರು ಕೊಡುವುದು ಪ್ರತಿಯೊಬ್ಬ ನಾಗರಿಕರ ಹಕ್ಕು. ಆದರೆ ಸರ್ಕಾರಿ ಕೆಲಸದ ಬಗ್ಗೆ ಬಂದ ಟೀಕೆಯ ವಿರುದ್ಧ ಮಾನಹಾನಿ ದಾವೆ ಹೂಡಲು ಅಥವಾ ಪತ್ರಿಕೆಗೆ ಹೇಳಿಕೆ ಕೊಡಲು ನಡತೆ ನಿಯಮಗಳು ಪೂರ್ವಾನುಮತಿಯನ್ನು ಕೇಳುತ್ತವೆ. ಆ ಹೆಜ್ಜೆಗೆ ಮೊದಲು ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು) ಕಚೇರಿಯ ಮೂಲಕ ಬರೆಯಿರಿ.

ತರಗತಿಯ ಗುಂಪನ್ನೇ ಮುಚ್ಚಿಬಿಡಬಹುದೇ?

ಮಳೆಗಾಲದ ರಜೆಯ ಸುದ್ದಿ ಬೆಳಗ್ಗೆ ಆರಕ್ಕೆ ಮುಟ್ಟಬೇಕಾದ ಊರು ನಮ್ಮದು, ಗುಂಪಿಲ್ಲದೆ ನಡೆಯದು. ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸುವಂತೆ ಹೊಂದಿಸಿ, ಶಾಲೆಯದೇ ಪ್ರತ್ಯೇಕ ನಂಬರಿನಿಂದ ನಡೆಸಿ, ದೂರುಗಳನ್ನು ಹೇಳಲು ವಾರದಲ್ಲಿ ಒಂದು ಸಮಯ ಕೊಡಿ. ಸದಸ್ಯರು ಹಾಕಿದ ಸಂದೇಶಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ತೀರ್ಪು ಕೊಟ್ಟಿದೆ. ಆದರೂ ನಿಂದನೆಯ ಸಂದೇಶವನ್ನು ಉಳಿಸಿಕೊಂಡು, ಬಳಿಕ ಎಲ್ಲರಿಗೂ ಕಾಣದಂತೆ ಅಳಿಸುವ ಅವಕಾಶ ಅಡ್ಮಿನ್‌ಗೆ ಇರುವಾಗ ಅದನ್ನು ಬಳಸಬೇಕು.

ನಿದ್ದೆ ಬರುತ್ತಿಲ್ಲ, ತರಗತಿಗೆ ಹೋಗಲು ಭಯವಾಗುತ್ತದೆ.

ಟೆಲಿ ಮಾನಸ್‌ಗೆ 14416ರಲ್ಲಿ ಕರೆ ಮಾಡಿ; ಅದು ಉಚಿತ, ಹಗಲು ರಾತ್ರಿ ಇದೆ, ಕನ್ನಡದಲ್ಲಿ ಮಾತಾಡುತ್ತಾರೆ. ರಜೆ ಬೇಕಾದರೆ ವೈದ್ಯಕೀಯ ರಜೆ ಕೇಳಿ ಪಡೆಯಿರಿ. ಮನೆಯವರಿಗೆ ನೀವೇ ಮೊದಲು ಹೇಳಿ, ಬೇರೆಯವರ ಫೋನಿನಿಂದ ಅವರಿಗೆ ತಿಳಿಯುವುದು ಬೇಡ.

ನನ್ನ ಸಹೋದ್ಯೋಗಿಗೆ ಹೀಗಾಗಿದೆ. ನಾನೇನು ಮಾಡಬಹುದು?

ಆ ವಿಡಿಯೊವನ್ನು "ನೋಡಿದಿರಾ" ಎಂದು ಇನ್ನೊಬ್ಬರಿಗೆ ಕಳಿಸಬೇಡಿ, ಸಹಾನುಭೂತಿಯ ಹೆಸರಿನಲ್ಲೂ ಕಳಿಸಬೇಡಿ. ಆಕೆಯ ಫೋನನ್ನು ಒಂದು ಸಂಜೆ ನೀವು ಇಸಿದುಕೊಂಡು, ಆ ಕಮೆಂಟ್‌ಗಳನ್ನು ಆಕೆ ಓದಬೇಕಾಗದಂತೆ ನೀವೇ ಓದಿ, ಸ್ಕ್ರೀನ್‌ಶಾಟ್ ತೆಗೆದು, ಲಿಂಕ್‌ಗಳನ್ನು ಬರೆದುಕೊಡಿ. ಮರುದಿನ ನಿಮ್ಮ ಒಂದು ಪಿರಿಯಡ್ ಹೊಂದಿಸಿಕೊಂಡು ಆಕೆಯ ಜತೆ ಠಾಣೆಗೆ ಹೋಗಿ, ಸ್ವೀಕೃತಿ ಕೈಗೆ ಬರುವವರೆಗೆ ಪಕ್ಕದಲ್ಲೇ ಕುಳಿತಿರಿ.